ನೀರು ಬಂದ ಮೇಲೆ: ಕೆರೆ, ಮೇಲಣ ನೆಲ ಮತ್ತು ಪಾಲಿನ ಪ್ರಶ್ನೆ

ನೆಲ ಮತ್ತು ನೀರಿನ ಸಂರಕ್ಷಣೆಯಲ್ಲಿ ಸಮುದಾಯದ ಪಾತ್ರವನ್ನು ಕುರಿತ ಚರ್ಚೆ ಕರ್ನಾಟಕದಲ್ಲಿ ಬಹುಮಟ್ಟಿಗೆ ಶ್ರಮದಾನದ ವರ್ಣನೆಯಲ್ಲಿಯೇ ಮುಗಿದುಹೋಗುತ್ತದೆ. ಊರವರು ಒಟ್ಟುಗೂಡಿ ಹೂಳೆತ್ತಿದರು, ಬದು ಹಾಕಿದರು, ಗಿಡ ನೆಟ್ಟರು, ಮಳೆಗಾಲದಲ್ಲಿ ಕೆರೆ ತುಂಬಿತು ಎಂಬಲ್ಲಿಗೆ ವರದಿ ನಿಲ್ಲುತ್ತದೆಯೇ ಹೊರತು, ಅದೇ ಕೆರೆಗೆ ಹತ್ತನೆಯ ವರ್ಷದಲ್ಲಿ ಏನಾಯಿತು, ಏರಿದ ಅಂತರ್ಜಲವನ್ನು ಯಾರು ಎತ್ತಿಕೊಂಡರು, ಬೆಳೆದ ಹುಲ್ಲನ್ನು ಯಾರು ಕೊಯ್ದರು ಎಂದು ವಿಚಾರಿಸುವವರು ವಿರಳ. ಹಾಳುಬಿದ್ದ ಗೋಮಾಳಕ್ಕೂ ಬತ್ತಿದ ಕೆರೆಗೂ ಬೆಲೆಯಿಲ್ಲದ ಕಾರಣ ಅವುಗಳ ಬಗ್ಗೆ ಊರಿನಲ್ಲಿ ಜಗಳವೂ ಹೆಚ್ಚಿರುವುದಿಲ್ಲ. ಹುಲ್ಲು ಚಿಗುರಿ ನೀರು ನಿಂತೊಡನೆ ಅವಕ್ಕೆ ಬೆಲೆ ಬರುತ್ತದೆ, ಬೆಲೆ ಬಂದೊಡನೆ ಪಾಲಿನ ಪ್ರಶ್ನೆ ಏಳುತ್ತದೆ. ಸಮುದಾಯದ ಕೆಲಸಕ್ಕೆ ನಿಜವಾದ ಪರೀಕ್ಷೆ ಒದಗುವುದು ನೀರು ಬಂದ ಮೇಲೆಯೇ ಎಂಬುದು, ಮತ್ತು ಆ ಪರೀಕ್ಷೆಯಲ್ಲಿ ಉಳಿದುಕೊಂಡ ಊರುಗಳು ಪಾಲಿನ ಕಟ್ಟಳೆಯನ್ನು ಗುದ್ದಲಿ ಹಿಡಿಯುವ ಹೊತ್ತಿಗೇ ಇತ್ಯರ್ಥ ಮಾಡಿಕೊಂಡಿದ್ದವು ಎಂಬುದು ಈ ಉಪನ್ಯಾಸದ ವಾದ. ಕರ್ನಾಟಕದ ಒಣನಾಡಿನ ಕೆರೆಗಳನ್ನು ಮುಖ್ಯ ನಿದರ್ಶನವಾಗಿ ಇಟ್ಟುಕೊಂಡು, ಹೋಲಿಕೆಗೆ ಬೇಕಾದಲ್ಲಿ ಹರಿಯಾಣ, ಮಹಾರಾಷ್ಟ್ರ ಮತ್ತು ರಾಜಸ್ಥಾನದ ಅನುಭವಗಳನ್ನು ಇಲ್ಲಿ ಪರಿಶೀಲಿಸಲಾಗಿದೆ.

ಕೆರೆ ಎಂಬ ವ್ಯವಸ್ಥೆ

ಕೆರೆಯೆಂದರೆ ನೀರು ನಿಂತ ತಗ್ಗು ಎಂಬ ಪಟ್ಟಣದ ತಿಳಿವಳಿಕೆ ಅಪೂರ್ಣವಾದುದು. ಮಳೆಯ ನೀರು ಹರಿದು ಬರುವ ಮೇಲಣ ಇಳಿಜಾರು, ಅಂದರೆ ಜಲಾನಯನ ಪ್ರದೇಶ. ಆ ನೀರನ್ನು ಕೆರೆಗೆ ತರುವ ಹಳ್ಳ ಮತ್ತು ರಾಜಕಾಲುವೆ. ನೀರು ಹರಡಿಕೊಳ್ಳುವ ಅಂಗಳ. ಅದನ್ನು ತಡೆದು ನಿಲ್ಲಿಸುವ ಮಣ್ಣಿನ ಏರಿ. ಬೇಕಾದಷ್ಟನ್ನು ಬೇಕಾದಾಗ ಬಿಡುವ ತೂಬು. ಹೆಚ್ಚಾದುದನ್ನು ಏರಿಗೆ ಅಪಾಯವಾಗದಂತೆ ಹೊರಗೆ ಹಾಕುವ ಕೋಡಿ. ತೂಬಿನ ನೀರು ಉಣ್ಣುವ ಗದ್ದೆಬಯಲು, ಅಂದರೆ ಅಚ್ಚುಕಟ್ಟು – ಇವೆಲ್ಲ ಸೇರಿದ ಒಂದು ಕೂಡುವ್ಯವಸ್ಥೆಗೆ ಕೆರೆ ಎಂದು ಹೆಸರು. ಮೇಲಿನ ಕೆರೆಯ ಕೋಡಿ ಹರಿದು ಕೆಳಗಿನ ಕೆರೆಗೆ ಸೇರುವಂತೆ ಇವು ಸರಪಳಿಯಾಗಿಯೂ ಕಟ್ಟಿಕೊಂಡಿವೆ. 1860ರ ದಶಕದಲ್ಲಿ ಮೈಸೂರಿನ ಮುಖ್ಯ ಇಂಜಿನಿಯರಾಗಿದ್ದ ರಿಚರ್ಡ್ ಸ್ಯಾಂಕಿ, ಈ ಸೀಮೆಯಲ್ಲಿ ಹೊಸದೊಂದು ಕೆರೆಗೆ ಜಾಗ ಹುಡುಕಬೇಕಾದರೆ ಸಾಕಷ್ಟು ಜಾಣ್ಮೆ ಬೇಕಾದೀತು ಎಂಬ ಅರ್ಥದ ಮಾತನ್ನು ದಾಖಲಿಸಿದುದು ಇಂಥ ಸರಪಳಿಗಳನ್ನು ಕಂಡೇ. ಇಂದಿನ ರಾಜ್ಯದಲ್ಲಿ ಸುಮಾರು 36 ಸಾವಿರ ಕೆರೆಗಳನ್ನು ಲೆಕ್ಕ ಹಾಕಲಾಗಿದೆ. ಅವುಗಳಲ್ಲಿ 40 ಹೆಕ್ಟೇರಿಗಿಂತ ಹೆಚ್ಚು ಅಚ್ಚುಕಟ್ಟು ಇರುವವು ಸಣ್ಣ ನೀರಾವರಿ ಇಲಾಖೆಗೂ ಅದಕ್ಕಿಂತ ಕಿರಿಯವು ಪಂಚಾಯತಿ ವ್ಯವಸ್ಥೆಗೂ ಸೇರಿವೆ. ಸರಪಳಿಯ ಒಂದು ಕೊಂಡಿ ಒಂದು ಕಚೇರಿಗೂ ಮುಂದಿನ ಕೊಂಡಿ ಇನ್ನೊಂದಕ್ಕೂ ಸೇರುವ ಈ ವಿಂಗಡಣೆಯನ್ನು ನೀರು ಒಪ್ಪಿಕೊಂಡಂತೆ ಕಾಣುವುದಿಲ್ಲ.

ಕೆರೆ ಕಟ್ಟಿಸಿದ ದಾಖಲೆ ಕನ್ನಡನಾಡಿನಲ್ಲಿ ಬಹಳ ಹಿಂದಕ್ಕೆ ಹೋಗುತ್ತದೆ. ಕದಂಬ ಮಯೂರಶರ್ಮನದೆಂದು ಹೇಳಲಾಗುವ ಚಂದ್ರವಳ್ಳಿಯ ಶಾಸನವೂ, ಕಾಕುತ್ಸ್ಥವರ್ಮನು ದೇವಾಲಯದ ಬಳಿ ಕೆರೆ ಕಟ್ಟಿಸಿದುದನ್ನು ಕುಬ್ಜಕವಿಯ ಪದ್ಯಗಳಲ್ಲಿ ಹೇಳುವ 5ನೆಯ ಶತಮಾನದ ತಾಳಗುಂದ ಶಾಸನವೂ ಕೆರೆಯನ್ನೇ ಕುರಿತವು. ಆದರೆ ಪ್ರಸ್ತುತ ವಿಷಯದ ದೃಷ್ಟಿಯಿಂದ ಕಟ್ಟಿಸಿದವರ ಹೊಗಳಿಕೆಗಿಂತ ಹೆಚ್ಚು ಬೆಲೆಯುಳ್ಳವು ಕಾಪಾಡುವ ಏರ್ಪಾಡನ್ನು ಹೇಳುವ ಶಾಸನಗಳು. ಕೆರೆಯ ದುರಸ್ತಿಗಾಗಿ ಅದರ ಕೆಳಗಿನ ಬೆಳೆಯ ಅಥವಾ ಭೂಮಿಯ ಒಂದು ಪಾಲನ್ನು ಮೀಸಲಿಡುವ ಬಿತ್ತುವಟ್ಟ, ಕೆರೆ ಕಟ್ಟಿದವನಿಗೆ ಅಥವಾ ನೋಡಿಕೊಳ್ಳುವವನಿಗೆ ಕೊಡುವ ಭೂಮಿಯಾದ ಕೆರೆಗೊಡಗೆ, ವಿಜಯನಗರ ಕಾಲದಲ್ಲಿ ಹತ್ತರಲ್ಲೊಂದು ಪಾಲಿನ ಲೆಕ್ಕದಲ್ಲಿ ಪ್ರಸಿದ್ಧವಾದ ದಶಬಂಧ, ಹೂಳು ಮತ್ತು ಮಣ್ಣು ಸಾಗಿಸುವ ಬಂಡಿಯ ನಿರ್ವಹಣೆಗೆ ಬಿಟ್ಟ ದತ್ತಿ – ಇವುಗಳಲ್ಲಿ ಒಂದು ಸಮಾನ ತಿಳಿವಳಿಕೆ ಅಡಗಿದೆ: ಕೆರೆಯಿಂದ ಹುಟ್ಟಿದ ಆದಾಯದ ಒಂದಂಶ ಮರಳಿ ಕೆರೆಗೇ ಹೋಗಬೇಕು, ಹೋಗುವ ದಾರಿ ಕಟ್ಟಿದ ದಿನವೇ ನಿಗದಿಯಾಗಿರಬೇಕು. ಈಗಿನ ಆಂಧ್ರದ ಕಡಪ ಜಿಲ್ಲೆಯಲ್ಲಿರುವ 1369ರ ಪೊರುಮಾಮಿಳ್ಳ ಶಾಸನ, ಒಂದನೆಯ ಬುಕ್ಕನ ಮಗ ಭಾಸ್ಕರನು ಕಟ್ಟಿಸಿದ ಕೆರೆಯ ಸಂದರ್ಭದಲ್ಲಿ ಒಳ್ಳೆಯ ಕೆರೆಗೆ ಬೇಕಾದ 12 ಅಂಗಗಳನ್ನೂ ತಪ್ಪಿಸಬೇಕಾದ 6 ದೋಷಗಳನ್ನೂ ಪಟ್ಟಿಮಾಡುತ್ತದೆ. ಏರಿಯಲ್ಲಿ ನೀರು ಜಿನುಗುವುದು, ನೆಲ ಚೌಳಾಗಿರುವುದು ಮೊದಲಾದ ತಾಂತ್ರಿಕ ದೋಷಗಳ ನಡುವೆ ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಇರುವುದನ್ನೂ ಅದು ದೋಷವೆಂದೇ ಎಣಿಸಿದೆ. ಒಡೆತನ ಗೊಂದಲವಾಗಿರುವ ಕಡೆ ಕಟ್ಟಡ ಎಷ್ಟೇ ಗಟ್ಟಿಯಾಗಿದ್ದರೂ ಕೆರೆ ಉಳಿಯದು ಎಂಬುದನ್ನು ಆ ಕಾಲದ ಜಲಶಾಸ್ತ್ರಜ್ಞರು ಅರಿತಿದ್ದರು.

ನಿತ್ಯದ ನಿರ್ವಹಣೆಯಲ್ಲಿ ಈ ಅರಿವನ್ನು ಹೊತ್ತವನು ನೀರುಗಂಟಿ. ಊರಿನ ಆಯಗಾರರಲ್ಲಿ, ಅಂದರೆ ಸುಗ್ಗಿಯ ಕಾಲದಲ್ಲಿ ಕಣದಿಂದ ಧಾನ್ಯದ ರೂಪದಲ್ಲಿ ಸಂಬಳ ಪಡೆಯುವ ಗ್ರಾಮಸೇವಕರಲ್ಲಿ ಒಬ್ಬನಾದ ಇವನು ತೂಬು ತೆಗೆಯುವುದು, ಮುಚ್ಚುವುದು, ಗದ್ದೆಯಿಂದ ಗದ್ದೆಗೆ ನೀರು ತಿರುಗಿಸುವುದು, ಮಳೆಗಾಲದ ರಾತ್ರಿಗಳಲ್ಲಿ ಏರಿ ಕಾಯುವುದು ಈ ಎಲ್ಲ ಕೆಲಸಗಳನ್ನೂ ಮಾಡುತ್ತಿದ್ದನು. ನೀರು ಹಂಚುವವನ ಸಂಬಳ ಎಲ್ಲರ ಬೆಳೆಯನ್ನು ಅವಲಂಬಿಸಿದ್ದುದರಿಂದ ಬಾಲಗದ್ದೆಯವನಿಗೆ ನೀರು ತಲುಪದಿದ್ದರೆ ನಷ್ಟ ಅವನಿಗೂ ತಟ್ಟುತ್ತಿತ್ತು. ಕೋಲಾರದ ಕಡೆಯ ಕೆರೆಗಳಲ್ಲಿ ದಾಮಾಶಾ ಎಂಬ ಇನ್ನೊಂದು ಪದ್ಧತಿ ದಾಖಲಾಗಿದೆ: ಕೆರೆ ಅರೆಬರೆ ತುಂಬಿದ ವರ್ಷ ಇಡೀ ಅಚ್ಚುಕಟ್ಟಿಗೆ ನೀರು ಸಾಲದೆಂದು ಕಂಡಾಗ ಊರವರು ಕೂಡಿ, ತೂಬಿಗೆ ಹತ್ತಿರದ ಒಂದಿಷ್ಟು ಬಯಲನ್ನು ಮಾತ್ರ ಬೆಳೆಗೆ ಗೊತ್ತುಮಾಡಿ, ಅದನ್ನು ಆ ವರ್ಷದ ಮಟ್ಟಿಗೆ ಅಚ್ಚುಕಟ್ಟಿನ ಎಲ್ಲ ಹಿಡುವಳಿದಾರರಿಗೂ ಅವರವರ ಹಿಡುವಳಿಯ ಪ್ರಮಾಣಕ್ಕೆ ತಕ್ಕಂತೆ ತುಂಡುತುಂಡಾಗಿ ಹಂಚುತ್ತಿದ್ದರು. ತೂಬಿನ ಬಾಯಲ್ಲಿ ಗದ್ದೆಯಿದ್ದವನು ತನ್ನ ನೆಲವನ್ನು ಒಂದು ಬೆಳೆಯ ಕಾಲ ಪರರಿಗೆ ಬಿಟ್ಟುಕೊಡುವಷ್ಟು ಗಟ್ಟಿಯಾದ ಕಟ್ಟಳೆ ಇದು. ಬರವನ್ನು ಹಂಚಿಕೊಳ್ಳುವ ಇಂಥ ನಿಯಮ ಇಂದಿನ ದೊಡ್ಡ ನಾಲಾ ನೀರಾವರಿಯ ಯಾವ ಅಚ್ಚುಕಟ್ಟಿನಲ್ಲಿಯೂ ನಡೆದೀತೆಂದು ಕಲ್ಪಿಸಿಕೊಳ್ಳುವುದು ಕಷ್ಟ.

ಹಾಗೆಂದು ಈ ವ್ಯವಸ್ಥೆಯನ್ನು ಗ್ರಾಮ ಸ್ವರಾಜ್ಯದ ಸುವರ್ಣಯುಗವೆಂದು ಚಿತ್ರಿಸುವುದು ಚರಿತ್ರೆಗೆ ಮಾಡುವ ಅನ್ಯಾಯವಾಗುತ್ತದೆ. ನೀರುಗಂಟಿ ಬಹುತೇಕ ದಲಿತನಾಗಿದ್ದನು. ಊರಿನ ನೀರನ್ನೆಲ್ಲ ಹಂಚುವ ಅವನ ಕೈಗೆ ಊರೊಳಗಿನ ಬಾವಿಯನ್ನು ಮುಟ್ಟುವ ಅಧಿಕಾರವಿರಲಿಲ್ಲ. ಏರಿಗೆ ಮಣ್ಣು ಹೊತ್ತ ಕೆಲಸದ ಬಹುಭಾಗ ಬಿಟ್ಟಿಯ ಕೆಲಸವಾಗಿತ್ತು. ಕರ್ನಾಟಕದ ಕೆರೆ ನೀರಾವರಿಯನ್ನು ಕುರಿತು ಈಶಾ ಶಾ ಅವರು 2003ರಲ್ಲಿ ಪ್ರಕಟಿಸಿದ ಅಧ್ಯಯನ, ಕೆರೆಗಳ ಹಿಂದೆ ಸಹಕಾರದಷ್ಟೇ ಬಲಾತ್ಕಾರವೂ ಇತ್ತೆಂಬುದನ್ನು ಎತ್ತಿ ತೋರಿಸಿದೆ. ಕೆರೆಗೆ ಹೆಣ್ಣನ್ನು ಬಲಿಕೊಡುವ ವಸ್ತುವುಳ್ಳ ‘ಕೆರೆಗೆ ಹಾರ’ದಂಥ ಜನಪದ ಕಥನಗೀತೆಯನ್ನು ಆ ಬೆಳಕಿನಲ್ಲಿ ಓದಿದರೆ ತ್ಯಾಗದ ಹಾಡು ದೂರಿನ ಹಾಡಾಗಿಯೂ ಕೇಳಿಸುತ್ತದೆ. ಹಳೆಯ ಕಟ್ಟಳೆಯಿಂದ ಕಲಿಯಬೇಕಾದುದು ಪಾಲು, ಹೊಣೆ ಎರಡನ್ನೂ ಒಟ್ಟಿಗೆ ನಿಗದಿಮಾಡುವ ಕ್ರಮವನ್ನೇ ಹೊರತು ಆ ಪಾಲಿನ ಪ್ರಮಾಣವನ್ನಲ್ಲ.

ಏರಿಯ ಕೆಳಗೆ ಆದುದು, ಏರಿಯ ಮೇಲೆ ಆದುದು

ಈ ವ್ಯವಸ್ಥೆ ಸಡಿಲವಾದುದಕ್ಕೆ ಬ್ರಿಟಿಷ್ ಆಳ್ವಿಕೆಯನ್ನೊಂದೇ ಹೊಣೆ ಮಾಡುವುದು ರೂಢಿ. ಕಂದಾಯವನ್ನು ಕೇಂದ್ರೀಕರಿಸಿ ದುರಸ್ತಿಯ ಹೊಣೆಯನ್ನು ಮಾತ್ರ ಊರಿಗೆ ಬಿಟ್ಟ ನೀತಿ ಕೆರೆಗಳನ್ನು ಬಡವಾಗಿಸಿತು ಎಂಬುದು ನಿಜವೇ. ಮೈಸೂರು ಸಂಸ್ಥಾನ 1911ರಲ್ಲಿ ಕೆರೆ ಪಂಚಾಯತಿಗಳ ಕಾನೂನನ್ನು ತಂದು ಊರಿನ ಕೈಗೆ ಮತ್ತೆ ಸ್ವಲ್ಪ ಅಧಿಕಾರ ಕೊಡಲು ಯತ್ನಿಸಿತು. ಆದರೆ ನಿರ್ಣಾಯಕ ಬದಲಾವಣೆಗಳು ಸ್ವಾತಂತ್ರ್ಯದ ನಂತರದವು. 1961ರ ಗ್ರಾಮಾಧಿಕಾರಗಳ ರದ್ದಿಯಾತಿ ಕಾಯ್ದೆ ವಂಶಪಾರಂಪರ್ಯದ ಗ್ರಾಮಸೇವೆಯನ್ನು ಕೊನೆಗಾಣಿಸಿತು. ಜಾತಿಗೆ ಅಂಟಿಕೊಂಡ ಕಸುಬಿನಿಂದ ಬಿಡುಗಡೆ ಕೊಟ್ಟ ಈ ಕಾಯ್ದೆ ನ್ಯಾಯವಾದುದೇ. ಆದರೆ ತೂಬನ್ನು ಇನ್ನು ಮುಂದೆ ಯಾರು ಯಾವ ಸಂಬಳಕ್ಕೆ ತೆಗೆಯಬೇಕು ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿರಲಿಲ್ಲ. ಅದರ ಬೆನ್ನಿಗೇ ತೆರೆದ ಬಾವಿಯ ಪಂಪುಸೆಟ್ಟು, ಆಮೇಲೆ ಕೊಳವೆಬಾವಿ ಬಂದವು. ಸ್ವಂತ ನೆಲದಲ್ಲಿ ಸ್ವಂತ ಬಾವಿ ಇರುವವನಿಗೆ ಕೆರೆಯ ಸಭೆಯಲ್ಲಿ ಕೂರುವ ಅಗತ್ಯ ಕಡಿಮೆಯಾಯಿತು. ಸಭೆಯಲ್ಲಿ ಮಾತು ನಡೆಯುತ್ತಿದ್ದವರು ಮೊದಲು ಎದ್ದುಹೋದರು. ಕೋಲಾರ ಜಿಲ್ಲೆಯಲ್ಲಿ ಕೊಳವೆಬಾವಿ 1,000 ಅಡಿ ದಾಟಿ ಇಳಿದಿದೆ, ಆಳದ ಬಂಡೆಯ ನೀರಿನೊಂದಿಗೆ ಫ್ಲೋರೈಡ್ ಮೇಲೆ ಬಂದಿದೆ.

ಏರಿಯ ಮೇಲ್ಭಾಗದಲ್ಲಿ, ಅಂದರೆ ಜಲಾನಯನದಲ್ಲಿ, ಆದ ಬದಲಾವಣೆ ಇದಕ್ಕಿಂತ ನಿಧಾನವಾದುದು, ಹೆಚ್ಚು ಗಂಭೀರವಾದುದು. ಕೆರೆಗೆ ನೀರು ಕೊಡುವ ಇಳಿಜಾರಿನ ದೊಡ್ಡ ಭಾಗ ಗೋಮಾಳ, ಗುಂಡುತೋಪು, ಖರಾಬು, ಕಾವಲು ಎಂಬ ಹೆಸರುಗಳಲ್ಲಿ ಊರಿನ ಸಮಾನ ಬಳಕೆಯಲ್ಲಿದ್ದ ನೆಲ. ಎನ್. ಎಸ್. ಜೋಧಾ ಅವರು ಕರ್ನಾಟಕವೂ ಸೇರಿ 7 ರಾಜ್ಯಗಳ ಒಣಪ್ರದೇಶದ ಹಳ್ಳಿಗಳಲ್ಲಿ ನಡೆಸಿ 1986ರಲ್ಲಿ ಪ್ರಕಟಿಸಿದ ಪ್ರಸಿದ್ಧ ಅಧ್ಯಯನದ ಪ್ರಕಾರ, 1950ರ ದಶಕದ ಆರಂಭದಿಂದ 1980ರ ದಶಕದ ಆರಂಭದವರೆಗಿನ ಮೂರು ದಶಕಗಳಲ್ಲಿ ಇಂಥ ನೆಲದ ವಿಸ್ತಾರ ಶೇ. 31ರಿಂದ 55ರಷ್ಟು ಕುಗ್ಗಿತು. ಬಡ ಕುಟುಂಬಗಳ ಆದಾಯದಲ್ಲಿ ಶೇ. 14ರಿಂದ 23ರಷ್ಟು ಈ ನೆಲದಿಂದಲೇ ಬರುತ್ತಿತ್ತು. ಕುಗ್ಗಿದುದಕ್ಕೆ ಒತ್ತುವರಿಯಷ್ಟೇ ಸರ್ಕಾರದ ಮಂಜೂರಾತಿಯೂ ಕಾರಣ, ಮತ್ತು ಬಗರ್‌ಹುಕುಂ ಸಾಗುವಳಿಯಲ್ಲಿ, ಅಂದರೆ ಸರ್ಕಾರಿ ನೆಲದ ಅನಧಿಕೃತ ಸಾಗುವಳಿಯಲ್ಲಿ, ನಿಜವಾದ ಭೂರಹಿತರೂ ಇದ್ದರು ಎಂಬುದರಿಂದ ವಿಷಯ ಸರಳವಾಗಿಲ್ಲ. ಉಳಿದ ಗೋಮಾಳ ಯಾರದೂ ಅಲ್ಲದ ನೆಲವಾಗಿ ಬೋಳಾಯಿತು. ಬೋಳು ನೆಲದ ಮೇಲೆ ಬಿದ್ದ ಮಳೆ ಇಂಗದೆ ಮಣ್ಣನ್ನು ಹೊತ್ತು ಹರಿಯಿತು.

ಈ ಹರಿವಿನ ಅಗಾಧತೆಯನ್ನು ತಿಳಿಯಲು ಸಣ್ಣದೊಂದು ಲೆಕ್ಕ ಸಾಕು. ಒಂದು ಹೆಕ್ಟೇರಿನಲ್ಲಿ ಒಂದು ಮಿಲಿಮೀಟರ್ ದಪ್ಪದ ಮೇಲ್ಮಣ್ಣು ಎಂದರೆ 10 ಘನ ಮೀಟರ್. 1,000 ಹೆಕ್ಟೇರ್ ಜಲಾನಯನವುಳ್ಳ ಕೆರೆಯೊಂದಕ್ಕೆ ವರ್ಷಕ್ಕೆ ಒಂದೇ ಮಿಲಿಮೀಟರ್ ಮಣ್ಣು ಸವೆದು, ಅದರಲ್ಲಿ ಅರ್ಧ ಮಾತ್ರ ಕೆರೆ ತಲುಪಿದರೂ 5,000 ಘನ ಮೀಟರ್ ಹೂಳಾಗುತ್ತದೆ. ಮೂರು ಘನ ಮೀಟರ್ ಹಿಡಿಯುವ ಟ್ರ್ಯಾಕ್ಟರ್ ಟ್ರೈಲರುಗಳಲ್ಲಿ ಸಾಗಿಸುವುದಾದರೆ ಪ್ರತಿವರ್ಷ 1,600ಕ್ಕೂ ಹೆಚ್ಚು ಲೋಡು. ಮೇಲಣ ನೆಲವನ್ನು ಹಾಗೆಯೇ ಬಿಟ್ಟು ಅಂಗಳದ ಹೂಳನ್ನಷ್ಟೇ ಎತ್ತುವುದು ತೂತಿನ ಬಿಂದಿಗೆಗೆ ನೀರು ಹೊತ್ತಂತೆ. ಹೂಳು ಒಂದು ಕಾಲಕ್ಕೆ ಹೊರೆಯಾಗಿರಲಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು: ಬೇಸಿಗೆಯಲ್ಲಿ ರೈತರು ಕೆರೆಗೋಡನ್ನು ಗಾಡಿಯಲ್ಲಿ ಹೊಲಕ್ಕೆ ಹೊಡೆಯುತ್ತಿದ್ದುದರಿಂದ ಕೆಂಪುಮಣ್ಣಿನ ಹೊಲಕ್ಕೆ ತೇವ ಹಿಡಿಯುವ ಶಕ್ತಿ ಬರುತ್ತಿತ್ತು, ಇಳಿಜಾರಿನಿಂದ ಇಳಿದುದರ ಒಂದು ಭಾಗ ಮರಳಿ ಏರುತ್ತಿತ್ತು. ಎತ್ತು ಕಡಿಮೆಯಾಗಿ, ಚೀಲದ ಗೊಬ್ಬರ ಸುಲಭವಾಗಿ, ಗೋಡು ಇಟ್ಟಿಗೆ ಗೂಡಿಗೆ ಮಾರಾಟವಾಗುವ ಸರಕಾದ ಮೇಲೆ ಈ ಸುತ್ತು ಕಡಿಯಿತು.

ಬೋಳಾದ ಸಮಾನ ನೆಲವನ್ನು ಹಸಿರು ಮಾಡುವುದು ಹೇಗೆಂಬ ಪ್ರಶ್ನೆಗೆ 1980ರ ದಶಕದ ಕರ್ನಾಟಕ ಕೊಟ್ಟ ಸರ್ಕಾರಿ ಉತ್ತರ ನೀಲಗಿರಿ. ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಕೋಲಾರ, ತುಮಕೂರು ಕಡೆಯ ರಾಗಿಹೊಲಗಳಿಗೂ ಇಳಿದ ಈ ಮರದ ವಿರುದ್ಧ ರೈತಸಂಘ 1983ರಲ್ಲಿ ಸಸಿ ಕೀಳುವ ಚಳವಳಿ ನಡೆಸಿತು. 1984ರಲ್ಲಿ ರಾಜ್ಯ ಸರ್ಕಾರ ಮತ್ತು ಹರಿಹರ ಪಾಲಿಫೈಬರ್ಸ್ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಜಂಟಿ ಕಂಪನಿಯನ್ನು ಸ್ಥಾಪಿಸಿ, ಸಿ ಮತ್ತು ಡಿ ದರ್ಜೆಯದೆಂದು, ಅಂದರೆ ಸಾಗುವಳಿಗೆ ಒದಗದ ಕಂದಾಯ ಭೂಮಿಯೆಂದು ಗುರುತಿಸಿದ್ದ ಸುಮಾರು 75,000 ಎಕರೆಯನ್ನು ತಿರುಳಿನ ಮರಕ್ಕಾಗಿ ಅದಕ್ಕೆ ಒಪ್ಪಿಸಲು ಹೊರಟಾಗ ಪ್ರಶ್ನೆ ಇನ್ನಷ್ಟು ಸ್ಪಷ್ಟವಾಯಿತು. ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆಯ ನೇತೃತ್ವದಲ್ಲಿ ಊರೂರುಗಳ ಸಹಿ ಸಂಗ್ರಹ ನಡೆಯಿತು, ಶಿವರಾಮ ಕಾರಂತರು ಮತ್ತಿತರರು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು, 1987ರ ನವೆಂಬರ್ 14ರಂದು ಈಗಿನ ಹಾವೇರಿ ಜಿಲ್ಲೆಯ ಹಾನಗಲ್ಲ ತಾಲ್ಲೂಕಿನ ಕುಸನೂರಿನಲ್ಲಿ ‘ಕಿತ್ತಿಕೊ ಹಚ್ಚಿಕೊ’ ಸತ್ಯಾಗ್ರಹ ನಡೆಯಿತು. ನೀಲಗಿರಿಯನ್ನು ಕಿತ್ತು ಅದೇ ಗುಂಡಿಗಳಲ್ಲಿ ಊರಿಗೆ ಉಪಯೋಗಕ್ಕೆ ಬರುವ ಮೇವು, ಹಣ್ಣು, ಸೌದೆಯ ಗಿಡಗಳನ್ನು ಹಚ್ಚಿದ ಈ ಕ್ರಿಯೆಯಲ್ಲಿ ಮುಂದಿನ ಎಲ್ಲ ಚರ್ಚೆಗೂ ಬೇಕಾದ ವಿವೇಚನೆಯಿದೆ. ಮರ ಬೆಳೆದರೆ ಸಾಕೆಂಬುದು ಸರ್ಕಾರದ ವಾದವಾಗಿತ್ತು. ಬೆಳೆದ ಮರ ಯಾರ ದನಕ್ಕೆ, ಯಾರ ಒಲೆಗೆ ಎಂದು ಕುಸನೂರು ಕೇಳಿತು. ಕಂಪನಿ 1991ರಲ್ಲಿ ಮುಚ್ಚಿತು. ಹೊಸದಾಗಿ ನೀಲಗಿರಿ ನೆಡುವುದನ್ನು ರಾಜ್ಯ ಸರ್ಕಾರ ನಿಷೇಧಿಸಿದುದು 2017ರಲ್ಲಿ.

ಪಾಲನ್ನು ಮೊದಲೇ ಗೊತ್ತುಮಾಡಿದ ಊರುಗಳು

ಮೇಲಣ ನೆಲ, ಕೆಳಗಿನ ನೀರು, ನಡುವಿನ ಪಾಲು ಈ ಮೂರರ ಸಂಬಂಧವನ್ನು ಪ್ರಯೋಗವೊಂದರಷ್ಟು ನಿಚ್ಚಳವಾಗಿ ತೋರಿಸಿದ ಊರು ಹರಿಯಾಣದ ಶಿವಾಲಿಕ ಬೆಟ್ಟಗಳ ಬುಡದ ಸುಖೋಮಾಜ್ರಿ. ಚಂಡೀಗಢ ನಗರಕ್ಕಾಗಿ 1958ರಲ್ಲಿ ನಿರ್ಮಿಸಿದ ಸುಖನಾ ಸರೋವರ ಬೇಗ ಬೇಗನೆ ಹೂಳಿನಿಂದ ತುಂಬುತ್ತಿದ್ದುದರ ಕಾರಣ ಹುಡುಕಿ ಹೊರಟ ಮಣ್ಣು ಸಂರಕ್ಷಣಾ ವಿಜ್ಞಾನಿ ಪಿ. ಆರ್. ಮಿಶ್ರಾ ಮತ್ತು ಅವರ ಸಂಗಡಿಗರು ಬೆಟ್ಟದ ಮೇಲಿನ ಊರುಗಳ ದನ, ಆಡುಗಳ ಮೇವಿನವರೆಗೆ ಬಂದರು. ಬೇಲಿ ಹಾಕಿ, ಕಾವಲಿಟ್ಟು ಆಡುಗಳನ್ನು ತಡೆಯುವ ಯತ್ನಗಳಿಂದ ಪ್ರಯೋಜನವಾಗಲಿಲ್ಲ. 1976ರಲ್ಲಿ ಊರಿಗಾಗಿಯೇ ಸಣ್ಣ ಮಣ್ಣಿನ ಕಟ್ಟೆಯೊಂದನ್ನು ಕಟ್ಟಿ ಹೊಲಗಳಿಗೆ ನೀರು ಕೊಟ್ಟಾಗ ಪರಿಸ್ಥಿತಿ ತಿರುಗಿತು. ಆದರೆ ತಿರುಗಿದುದು ನೀರಿನಿಂದಷ್ಟೇ ಅಲ್ಲ. ಕಟ್ಟೆಯ ಕೆಳಗೆ ಹೊಲವಿದ್ದವರಿಗೆ ಮಾತ್ರ ನೀರು ಎಂದಾದರೆ ಹೊಲವಿಲ್ಲದವನು ತನ್ನ ಆಡನ್ನು ಬೆಟ್ಟದಿಂದ ಏಕೆ ಇಳಿಸಬೇಕು ಎಂಬ ತಕರಾರು ಎದ್ದು, ಕೊನೆಗೆ ಭೂಮಿ ಇರಲಿ ಇಲ್ಲದಿರಲಿ ಪ್ರತಿ ಮನೆಗೂ ನೀರಿನಲ್ಲಿ ಸಮಪಾಲು, ಬೇಡದವರು ತಮ್ಮ ಪಾಲನ್ನು ಮಾರಿಕೊಳ್ಳಬಹುದು ಎಂಬ ನಿಯಮವಾಯಿತು. ಬೆಟ್ಟದ ಮೇವಿನ ಹುಲ್ಲನ್ನೂ ಹಗ್ಗಕ್ಕೆ, ಕಾಗದಕ್ಕೆ ಒದಗುವ ಭಾಬ್ಬರ್ ಹುಲ್ಲನ್ನೂ ಅರಣ್ಯ ಇಲಾಖೆಯಿಂದ ಊರಿನ ಸಂಘವೇ ಗುತ್ತಿಗೆ ಪಡೆಯಿತು. ಆಡಿನ ಜಾಗಕ್ಕೆ ಕೊಟ್ಟಿಗೆಯಲ್ಲಿ ಕಟ್ಟಿ ಮೇಯಿಸುವ ಎಮ್ಮೆ ಬಂದಿತು, ಬೆಟ್ಟ ಚಿಗುರಿತು, ಸರೋವರಕ್ಕೆ ಇಳಿಯುವ ಹೂಳು ಕಡಿಮೆಯಾಯಿತು. ತಂತಿಬೇಲಿಯ ಬದಲು ಪರಸ್ಪರ ಒಪ್ಪಂದವೇ ಕಾವಲಾಗುವ ಈ ಸ್ಥಿತಿಗೆ ಸಾಮಾಜಿಕ ಬೇಲಿ ಎಂಬ ಹೆಸರು ಬಿದ್ದಿತು.

ಸುಖೋಮಾಜ್ರಿಯ ಉತ್ತರಾರ್ಧವನ್ನು ಪಠ್ಯಪುಸ್ತಕಗಳು ಸಾಮಾನ್ಯವಾಗಿ ಬಿಟ್ಟುಬಿಡುತ್ತವೆ. ಹುಲ್ಲಿನ ಆದಾಯ ಕಣ್ಣಿಗೆ ಬೀಳುವಷ್ಟಾದ ಮೇಲೆ ಅದರ ಮೇಲೆ ತೆರಿಗೆ ಬಿದ್ದಿತು, ಅರಣ್ಯ ಇಲಾಖೆಯೊಡನೆ ಹಂಚಿಕೆಯ ವಿವಾದ ಬೆಳೆಯಿತು, ಊರಿನ ಸಂಘದ ಬಲ ಕ್ರಮೇಣ ಕುಂದಿತು. ಊರೊಳಗಿನ ಪಾಲನ್ನು ಊರು ಇತ್ಯರ್ಥ ಮಾಡಿಕೊಂಡಿತ್ತು; ಊರಿಗೂ ಸರ್ಕಾರಕ್ಕೂ ನಡುವಿನ ಪಾಲನ್ನು ಕಾನೂನಿನಲ್ಲಿ ಗಟ್ಟಿಮಾಡಿರಲಿಲ್ಲ.

ಪುಣೆ ಜಿಲ್ಲೆಯ ಪುರಂದರ ತಾಲ್ಲೂಕಿನ ನಾಯಗಾಂವಿನಲ್ಲಿ 1972ರ ಬರದ ಬಳಿಕ ವಿಲಾಸರಾವ್ ಸಾಳುಂಖೆ ಅವರು ಆರಂಭಿಸಿದ ಪಾಣಿ ಪಂಚಾಯತಿ ಇದೇ ತತ್ತ್ವವನ್ನು ಇನ್ನೂ ಬಿಗಿಯಾಗಿ ಹಿಡಿಯಿತು. ಅಲ್ಲಿ ನೀರಿನ ಹಕ್ಕಿಗೆ ಅಳತೆ ಹೊಲದ ವಿಸ್ತಾರವಲ್ಲ, ಮನೆಯ ಜನಸಂಖ್ಯೆ: ತಲೆಗೆ ಅರ್ಧ ಎಕರೆಯಂತೆ, ಕುಟುಂಬಕ್ಕೆ ಎರಡೂವರೆ ಎಕರೆ ಮೀರದಂತೆ. ಕಬ್ಬು ಬೆಳೆಯುವಂತಿಲ್ಲ, ಭೂರಹಿತನಿಗೂ ಪಾಲುಂಟು, ಭೂಮಿ ಮಾರಿದರೆ ನೀರಿನ ಹಕ್ಕು ಕೊಂಡವನಿಗೆ ಹೋಗದೆ ಸಂಘಕ್ಕೆ ಮರಳುತ್ತದೆ, ವೆಚ್ಚದ ಶೇ. 20ನ್ನು ಫಲಾನುಭವಿಗಳೇ ಕೈಯಿಂದ ಹಾಕಬೇಕು. ಭೂಮಿಯಿಂದ ನೀರನ್ನು ಬಿಡಿಸಿ ನೋಡುವ ಈ ಚಿಂತನೆ, ಭೂಮಿಯ ಒಡೆಯನೇ ಅದರಡಿಯ ನೀರಿಗೂ ಒಡೆಯ ಎಂಬ ನಮ್ಮ ಕಾನೂನಿನ ರೂಢಿಗೆ ನೇರ ವಿರೋಧವಾದುದು. ಅದು ಮಹಾರಾಷ್ಟ್ರದಲ್ಲಿಯೇ ವ್ಯಾಪಕವಾಗಿ ಹಬ್ಬದಿರುವುದಕ್ಕೂ ಇದೇ ಕಾರಣವಿದ್ದೀತು. ಅಂದಿನ ಅಹ್ಮದನಗರ ಜಿಲ್ಲೆಯ ಹಿವರೆ ಬಜಾರ ಕೊಂಚ ಸೌಮ್ಯವಾದ ದಾರಿ ಹಿಡಿಯಿತು. 1989ರಲ್ಲಿ ಸರಪಂಚರಾದ ಪೋಪಟರಾವ್ ಪವಾರ್ ಅವರ ಕಾಲದಲ್ಲಿ ಬೆಟ್ಟದ ಇಳಿಜಾರಿನಲ್ಲಿ ಸಮಪಾತಳಿ ಕಂದಕ ತೋಡಿ, ಬಿಡಾಡಿ ಮೇವನ್ನು ನಿಲ್ಲಿಸಿದ ಆ ಊರು ನೀರಾವರಿಗೆ ಕೊಳವೆಬಾವಿ ಬೇಡವೆಂದು ನಿರ್ಧರಿಸಿ, ಪ್ರತಿವರ್ಷ ಮಳೆಯ ಪ್ರಮಾಣವನ್ನು ಅಳೆದು ಆ ವರ್ಷ ಯಾವ ಬೆಳೆಗೆ ಎಷ್ಟು ನೀರು ಎಂಬ ಜಲ ಆಯವ್ಯಯವನ್ನು ಗ್ರಾಮಸಭೆಯಲ್ಲಿ ಮಂಡಿಸುವ ಪದ್ಧತಿಗೆ ಬಂದಿತು. ದಾಮಾಶಾ ಪದ್ಧತಿಯಲ್ಲಿ ಕೆರೆಯ ನೀರಿಗೆ ಇದ್ದ ವಿವೇಕವನ್ನು ಕಣ್ಣಿಗೆ ಕಾಣದ ಅಂತರ್ಜಲಕ್ಕೂ ಅನ್ವಯಿಸಿದ ಅಪರೂಪದ ನಿದರ್ಶನ ಇದು.

ರಾಜಸ್ಥಾನದ ಅಲ್ವರ್ ಜಿಲ್ಲೆಯಲ್ಲಿ 1985ರಿಂದ ತರುಣ ಭಾರತ ಸಂಘ ಊರವರೊಡನೆ ಕಟ್ಟಿದ ಜೋಹಡ್‌ಗಳು, ಅಂದರೆ ಇಳಿಜಾರಿನ ನೀರು ತಡೆಯುವ ಮಣ್ಣಿನ ಒಡ್ಡುಗಳು, ಅರವರಿ ಹೊಳೆಯಲ್ಲಿ ವರ್ಷಪೂರ್ತಿ ನೀರು ಕಾಣಿಸುವಂತೆ ಮಾಡಿದ ಕಥೆ ರಾಜೇಂದ್ರ ಸಿಂಗ್ ಅವರ ಹೆಸರಿನೊಂದಿಗೆ ಪ್ರಸಿದ್ಧವಾಗಿದೆ. ಅದರಲ್ಲಿ ಗಮನಿಸಬೇಕಾದ ತಿರುವು ಹೊಳೆ ಹರಿದ ನಂತರದ್ದು. ಬತ್ತಿದ್ದಷ್ಟು ಕಾಲ ಅದನ್ನು ಕೇಳದಿದ್ದ ಸರ್ಕಾರ, ನೀರು ನಿಂತು ಮೀನು ಬಂದೊಡನೆ 1996ರಲ್ಲಿ ಮೀನು ಹಿಡಿಯುವ ಗುತ್ತಿಗೆಯನ್ನು ಹೊರಗಿನವರಿಗೆ ಕೊಟ್ಟಿತು. ಊರುಗಳು ಪ್ರತಿಭಟಿಸಿ ಅದನ್ನು ತಡೆದವು, ಮತ್ತು ಆ ಸಂಘರ್ಷದ ಅನುಭವದ ಬೆನ್ನಿಗೆ ಸುಮಾರು 70 ಊರುಗಳ ಪ್ರತಿನಿಧಿಗಳು ಸೇರುವ ಅರವರಿ ಸಂಸತ್ತು ರೂಪುಗೊಂಡಿತು. ಕಾನೂನಿನ ಮಾನ್ಯತೆ ಇಲ್ಲದಿದ್ದರೂ ಒಂದು ಊರಿನ ಸಂಘಕ್ಕಿಂತ ದೊಡ್ಡದಾದ, ಹೊಳೆಯಷ್ಟೇ ಉದ್ದದ ವೇದಿಕೆ ಬೇಕೆಂಬ ಅರಿವು ಅದರ ಹಿಂದೆ ಇದೆ.

ಕರ್ನಾಟಕದ ಯೋಜನೆಗಳು ಮತ್ತು ಸರಪಳಿಯ ತೊಡಕು

ಕರ್ನಾಟಕದಲ್ಲಿ ಈ ಪಾಠಗಳನ್ನು ಯೋಜನೆಯ ರೂಪಕ್ಕೆ ತರುವ ಎರಡು ದೊಡ್ಡ ಯತ್ನಗಳು ಬಹುತೇಕ ಒಂದೇ ಕಾಲದಲ್ಲಿ ನಡೆದವು. 2001ರಲ್ಲಿ ಆರಂಭವಾದ ಸುಜಲ ಜಲಾನಯನ ಯೋಜನೆ ಕೋಲಾರ, ತುಮಕೂರು, ಚಿತ್ರದುರ್ಗ, ಹಾವೇರಿ, ಧಾರವಾಡ ಜಿಲ್ಲೆಗಳಲ್ಲಿ ಇಳಿಜಾರಿನ ನೆಲದ ಉಪಚಾರವನ್ನು ಕೈಗೊಂಡಿತು. ಬದು, ಕೃಷಿಹೊಂಡ, ತಡೆಯಣೆಗಳ ಫಲವನ್ನು ಉಪಗ್ರಹ ಚಿತ್ರಗಳಿಂದ ಅಳೆಯುವ ಏರ್ಪಾಡು ಅದರಲ್ಲಿತ್ತು. 2002ರಲ್ಲಿ ಮಂಜೂರಾದ ಸಮುದಾಯ ಆಧಾರಿತ ಕೆರೆ ನಿರ್ವಹಣಾ ಯೋಜನೆ ಜಲಸಂವರ್ಧನೆ ಯೋಜನಾ ಸಂಘದ ಮೂಲಕ ಏರಿ, ತೂಬು, ಕೋಡಿಗಳ ದುರಸ್ತಿಯನ್ನೂ ಹೂಳೆತ್ತುವುದನ್ನೂ ಕೆರೆ ಬಳಕೆದಾರರ ಸಂಘಗಳ ಕೈಗೆ ಕೊಟ್ಟಿತು. ಎರಡಕ್ಕೂ ವಿಶ್ವಬ್ಯಾಂಕಿನ ನೆರವಿತ್ತು. ಆದರೆ ಒಂದು ಏರಿಯ ಮೇಲಿನದಾಗಿಯೂ ಇನ್ನೊಂದು ಏರಿಯ ಕೆಳಗಿನದಾಗಿಯೂ ಬೇರೆ ಬೇರೆ ಕಡತಗಳಲ್ಲಿ ಸಾಗಿದವು. ಬಳಕೆದಾರರ ಸಂಘಗಳ ದೊಡ್ಡ ಕೊರತೆ ಹಕ್ಕಿನದು. ದುರಸ್ತಿಯ ವೆಚ್ಚದಲ್ಲಿ ಒಂದು ಪಾಲನ್ನು ಸಂಘ ಹೊರಬೇಕೆಂಬುದು ಸ್ಪಷ್ಟವಾಗಿತ್ತು. ಮೀನಿನ ಹರಾಜು, ಏರಿಯ ಮರ, ಅಂಗಳದ ಹುಲ್ಲು, ಗೋಡು ಇವುಗಳ ಆದಾಯ ಸಂಘಕ್ಕೆ ಸೇರುವುದೋ, ಪಂಚಾಯತಿಗೋ, ಇಲಾಖೆಗೋ ಎಂಬುದು ಅಷ್ಟು ಸ್ಪಷ್ಟವಿರಲಿಲ್ಲ. ಬಿತ್ತುವಟ್ಟದ ಶಾಸನ ಬರೆಸಿದವರು ಮೊದಲ ಸಾಲಿನಲ್ಲಿ ಹೇಳುತ್ತಿದ್ದುದನ್ನು ಇಲ್ಲಿ ಕೊನೆಗೆ ನೋಡೋಣವೆಂದು ಬಿಡಲಾಯಿತು. ಯೋಜನೆಯ ಹಣ ನಿಂತ ಮೇಲೆ ಅನೇಕ ಸಂಘಗಳು ಹೆಸರಿಗೆ ಮಾತ್ರ ಉಳಿದುದರಲ್ಲಿ ಆಶ್ಚರ್ಯವಿಲ್ಲ.

ಯೋಜನೆಗಳ ಹೊರಗೆ ನಡೆದ ಕೆಲಸ ಕಡಿಮೆಯೇನಲ್ಲ. 2019ರಲ್ಲಿ ಕೊಪ್ಪಳದ ಗವಿಮಠದ ಸ್ವಾಮೀಜಿಯವರ ಮುಂದಾಳತ್ವದಲ್ಲಿ ಜನರೇ ಹಿರೇಹಳ್ಳದ ಇಪ್ಪತ್ತಕ್ಕೂ ಹೆಚ್ಚು ಕಿಲೋಮೀಟರ್ ಪಾತ್ರವನ್ನು ಹೂಳು, ಜಾಲಿಗಳಿಂದ ಬಿಡಿಸಿದರು. ಮಠ, ಜಾತ್ರೆ, ಊರಹಬ್ಬಗಳಿಗೆ ಜನರನ್ನು ಕೂಡಿಸುವ ಶಕ್ತಿ ಯಾವ ಇಲಾಖೆಗೂ ಇಲ್ಲ. ಆದರೆ ಬಳ್ಳಾರಿ ಜಾಲಿ ಕಡಿದಲ್ಲೇ ಚಿಗುರುವ ಗಿಡ. ಹಳ್ಳದ ದಂಡೆಯ ಉಸುಕಿಗೂ ಒತ್ತುವರಿಗೂ ಲಾಭದ ಲೆಕ್ಕ ಗೊತ್ತಿರುವವರು ಸದಾ ಇರುತ್ತಾರೆ. ಒಂದು ಬೇಸಿಗೆಯ ಉತ್ಸಾಹವನ್ನು ಹತ್ತು ವರ್ಷಗಳ ಕಾವಲಾಗಿ ಮಾರ್ಪಡಿಸುವ ಅಧಿಕಾರ ಭಕ್ತಿಯಿಂದ ಮಾತ್ರ ಬಾರದು. ಪಂಜಾಬಿನ ಊರಕೊಳವೊಂದರ ಒತ್ತುವರಿಯನ್ನು ಕುರಿತ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2011ರಲ್ಲಿ ಊರಿನ ಸಮಾನ ನೆಲಗಳನ್ನು ತೆರವುಗೊಳಿಸಿ ಊರಿಗೆ ಮರಳಿಸಬೇಕೆಂದು ಎಲ್ಲ ರಾಜ್ಯಗಳಿಗೂ ಸೂಚಿಸಿದುದು ಇಂಥ ಕಾವಲಿಗೆ ಬಲವಾದ ಆಧಾರ. ಅದನ್ನು ಕೈಗೆತ್ತಿಕೊಂಡ ಗ್ರಾಮಸಭೆಗಳು ಹೆಚ್ಚಿಲ್ಲ.

ಸಮುದಾಯ ಎಂಬುದನ್ನು ಒಂದು ಊರಿನ ಗಡಿಯೊಳಗೆ ನಿಲ್ಲಿಸಿಕೊಂಡಾಗ ಏಳುವ ತೊಡಕಿಗೆ ಅರ್ಕಾವತಿ ಕಣಿವೆ ನಿದರ್ಶನ. ನಂದಿಬೆಟ್ಟದ ಬಳಿ ಹುಟ್ಟುವ ಈ ಹೊಳೆಗೆ 1930ರ ದಶಕದಲ್ಲಿ ಕಟ್ಟಿದ ತಿಪ್ಪಗೊಂಡನಹಳ್ಳಿ ಜಲಾಶಯದ ಒಳಹರಿವು ದಶಕಗಳಿಂದ ಕುಸಿದಿದೆ. ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಮಳೆಯ ಇಳಿಕೆ ಕಾರಣವಲ್ಲವೆಂದು ತೋರಿಸಿ, ಅಂತರ್ಜಲದ ಎತ್ತುವಳಿ, ನೀಲಗಿರಿ ತೋಪು, ಹಳ್ಳಗಳಿಗೆ ಅಡ್ಡವಾದ ಒಡ್ಡುಗಳತ್ತ ಬೆರಳುಮಾಡಿತು. ತಡೆಯಣೆ ಕಟ್ಟಿದ ಮೇಲಿನ ಊರಿನ ದೃಷ್ಟಿಯಲ್ಲಿ ಅದು ಜಲಸಂರಕ್ಷಣೆ, ಕೆಳಗಿನ ಕೆರೆಯವರ ದೃಷ್ಟಿಯಲ್ಲಿ ಕೋಡಿಯ ನೀರನ್ನು ಕಸಿದುಕೊಂಡದ್ದು. ಸಮಾನ ಸಂಪನ್ಮೂಲಗಳನ್ನು ಬಳಕೆದಾರರೇ ಆಳಿಕೊಳ್ಳಬಲ್ಲರೆಂದು 1990ರ ತಮ್ಮ ಗ್ರಂಥದಲ್ಲಿ ಸ್ಥಾಪಿಸಿದ ಎಲಿನಾರ್ ಆಸ್ಟ್ರಮ್ ಅವರೂ ದೊಡ್ಡ ವ್ಯವಸ್ಥೆಗಳಲ್ಲಿ ಸಣ್ಣ ಸಂಘಗಳು ಒಂದರ ಮೇಲೊಂದು ಪದರಗಳಾಗಿ ಹೆಣೆದುಕೊಳ್ಳಬೇಕೆಂಬ ಷರತ್ತನ್ನು ವಿಧಿಸಿದ್ದರು. ಸರಪಳಿಯ ಮೇಲಿನ ಕೆರೆಯವರೂ ಕೆಳಗಿನ ಕೆರೆಯವರೂ ಒಂದೆಡೆ ಕೂರುವ ಕಾನೂನುಬದ್ಧ ಸಭೆಯೊಂದು ಕರ್ನಾಟಕದಲ್ಲಿ ಇನ್ನೂ ಹುಟ್ಟಬೇಕಾಗಿದೆ.

ಇದಕ್ಕೆ ಹೊಸ ರೂಪದ ತುರ್ತು ಬಂದಿರುವುದು ಕೋಲಾರದಲ್ಲಿ. ಬೆಂಗಳೂರಿನ ಕೊಳಚೆನೀರನ್ನು ಎರಡನೆಯ ಹಂತದವರೆಗೆ ಶುದ್ಧೀಕರಿಸಿ ಕೊಳವೆಯ ಮೂಲಕ ಆ ಜಿಲ್ಲೆಯ ಕೆರೆಗಳಿಗೆ ತುಂಬಿಸುವ ಕೆ. ಸಿ. ವ್ಯಾಲಿ ಯೋಜನೆಯ ನೀರು 2018ರಿಂದ ಹರಿಯುತ್ತಿದೆ. ನೀರಿನ ಗುಣಮಟ್ಟವನ್ನು ಕುರಿತ ವಾದ ನ್ಯಾಯಾಲಯದವರೆಗೆ ಹೋಗಿದೆ, ಅದರ ಚರ್ಚೆ ಸಾಕಷ್ಟು ನಡೆದಿದೆ. ಪಾಲಿನ ಚರ್ಚೆ ಅಷ್ಟಾಗಿ ನಡೆದಿಲ್ಲ. ಈ ಕೆರೆಗಳ ಜಲಾನಯನ ಈಗ ಭಾಗಶಃ ಒಂದು ಮಹಾನಗರ. ಅಲ್ಲಿಯ ನೆಲದ ಉಪಚಾರದಲ್ಲಿ ಊರಿಗೆ ಯಾವ ಮಾತೂ ಇಲ್ಲ. ನೀರು ಅಂತರ್ಜಲ ಮರುಪೂರಣಕ್ಕೆ ಮಾತ್ರ, ಕೆರೆಯಿಂದ ನೇರವಾಗಿ ಎತ್ತುವಂತಿಲ್ಲ ಎಂಬುದು ಸರ್ಕಾರದ ನಿಯಮವಾದುದರಿಂದ ತೂಬಿನ ಮೂಲಕ ಅಚ್ಚುಕಟ್ಟಿಗೆ ಹಂಚುವ ಪ್ರಶ್ನೆಯೇ ಏಳುವುದಿಲ್ಲ; ಇಂಗಿದ ನೀರು ಕೊಳವೆಬಾವಿಯ ಆಳಕ್ಕೂ ಪಂಪಿನ ಶಕ್ತಿಗೂ ತಕ್ಕಂತೆ ಹಂಚಿಹೋಗುತ್ತದೆ. ವರ್ಷವಿಡೀ ತುಂಬಿರುವ ಕೆರೆಯಲ್ಲಿ ಬೇಸಿಗೆಯ ಅಂಗಳ ಬಯಲಾಗುವುದಿಲ್ಲವಾದ ಕಾರಣ ಕುರಿಗಾಹಿಗೆ ಮಾರ್ಚ್‌ನಿಂದ ಮೇವರೆಗೆ ಸಿಗುತ್ತಿದ್ದ ಹಸಿಹುಲ್ಲೂ, ಸಣ್ಣ ರೈತ ಹೊಲಕ್ಕೆ ಹೊಡೆಯುತ್ತಿದ್ದ ಗೋಡೂ ನೀರಿನಡಿಗೆ ಹೋಗುತ್ತವೆ. ಕೊಳವೆಬಾವಿಯೂ ಇಲ್ಲದ, ಅಂಗಳವನ್ನೂ ಕಳೆದುಕೊಂಡ ಮನೆಗಳಿಗೆ ತುಂಬಿದ ಕೆರೆಯಲ್ಲಿ ಉಳಿಯುವ ಪಾಲು ಮೀನೊಂದೇ. ಆ ಮೀನಿನ ಹಕ್ಕು ವರ್ಷವರ್ಷವೂ ಹರಾಜಿಗೆ ಹೋಗಬೇಕೋ, ಇಂಥ ಮನೆಗಳ ಸಂಘಕ್ಕೆ ಮೀಸಲಾಗಬೇಕೋ ಎಂಬುದನ್ನು ಕೆರೆಯ ಏರಿಗೆ ಸೇರಿದ ಗ್ರಾಮಸಭೆಗಳು ಇನ್ನೂ ಗೊತ್ತುಮಾಡಬೇಕಾಗಿದೆ.